ಹಳೆಯ ಜೀಪಿನ ಎಂಜಿನ್ : ಎಣ್ಣೆಯ ಸೋರಿಕೆ ಮತ್ತು ಒತ್ತಡದ ಕೊರತೆ

ಕಿಗ್ಗ ದಾಟಿ ಸಿರಿಮನೆಗೆ ಸಾಗುವ ಏರುದಾರಿಯಲ್ಲಿ, ಕೊಪ್ಪ, ನರಸಿಂಹರಾಜಪುರದ ತೋಟದ ಹಾದಿಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಗೊಬ್ಬರ, ಅಡಿಕೆ ಗೊನೆ, ಕೊಳೆರೋಗದ ಸಿಂಪರಣೆಗೆ ಬೇಕಾದ ಮೈಲುತುತ್ತ, ಸುಣ್ಣಗಳನ್ನು ಹೊರುವುದು ಇವೇ. ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ಇವೇ. ಇವುಗಳ ಎಂಜಿನ್ನಿನಲ್ಲಿ ಎಣ್ಣೆ ಸೋರುವುದು ಮತ್ತು ಎಣ್ಣೆಯ ಒತ್ತಡ ಇಳಿಯುವುದು ಸಾಮಾನ್ಯ ದೋಷಗಳು. ಎರಡಕ್ಕೂ ಒಂದೇ ಮದ್ದೆಂದು ಮಂದವಾದ ಎಣ್ಣೆ ಸುರಿಯುವುದು ಸರಿಯಲ್ಲ. ಸೋರಿಕೆಯಿಂದ ಎಣ್ಣೆ ನಷ್ಟ. ಒತ್ತಡವೇ ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ನೇ ನಷ್ಟ.

ಸೋರಿಕೆಯ ಪತ್ತೆ

ತಣ್ಣಗಿರುವ ಎಂಜಿನ್ನನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಬೇಕು. ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ದೂರ ಓಡಿಸಬೇಕು. ರಾತ್ರಿ ಅಡಿಯಲ್ಲಿ ಒಣ ಅಡಿಕೆ ಹಾಳೆ ಇಟ್ಟರೆ ಹನಿ ಬೀಳುವ ಜಾಗವೂ ತಿಳಿಯುತ್ತದೆ. ಎಣ್ಣೆ ಕೆಳಕ್ಕೂ ಹಿಂದಕ್ಕೂ ಹರಿಯುವುದರಿಂದ, ಎಲ್ಲಕ್ಕಿಂತ ಮೇಲೆ ಒದ್ದೆಯಾದ ಸ್ಥಳವೇ ಸೋರಿಕೆಯ ಮೂಲ.

ಟ್ಯಾಪೆಟ್ ಕವರಿನ ಪ್ಯಾಕಿಂಗ್, ಫಿಲ್ಟರಿನ ರಿಂಗ್, ಡ್ರೈನ್ ಪ್ಲಗ್ಗಿನ ವಾಷರ್ ಇವುಗಳನ್ನು ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಸೀಲ್ ಬದಲಿಸುವ ಮೊದಲು ಬ್ರೀದರ್ ಕೊಳವೆಯನ್ನು ಶುಚಿ ಮಾಡತಕ್ಕದ್ದು. ಅದು ಕಟ್ಟಿದ್ದರೆ ಒಳಗಿನ ಅನಿಲ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ.

ಒತ್ತಡ ಇಳಿದಾಗ

ದೀಪ ಹೊತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸಬೇಕು. ಬಳಿಕ ಈ ಕ್ರಮದಲ್ಲಿ ಪರೀಕ್ಷಿಸಬೇಕು:

1. ಸಮತಟ್ಟಾದ ಜಾಗದಲ್ಲಿ, ಹತ್ತು ನಿಮಿಷದ ನಂತರ ಎಣ್ಣೆಯ ಮಟ್ಟ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಕಡಿದಾದ ಏರಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ.

2. ಮಟ್ಟ ತಾನಾಗಿ ಏರಿ ಇಂಧನದ ವಾಸನೆ ಬಂದರೆ ಎಣ್ಣೆಗೆ ಇಂಧನ ಬೆರೆತಿದೆ. ಹಾಲಿನಂತಾಗಿದ್ದರೆ ನೀರು ಸೇರಿದೆ. ಕಾರಣ ಸರಿಪಡಿಸಿ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು.

3. ಇವೆರಡೂ ಸರಿಯಿದ್ದರೆ ಮೆಕಾನಿಕ್ಕರಿಂದ ಬೇರೆ ಗೇಜ್ ಜೋಡಿಸಿ ಅಳೆಯಿಸಬೇಕು. ಹಲವು ಸಲ ಕೆಟ್ಟಿರುವುದು ಸ್ವಿಚ್ ಮಾತ್ರ.

4. ಒತ್ತಡ ನಿಜವಾಗಿ ಕಡಿಮೆಯಿದ್ದರೆ ಸಂಪಿನೊಳಗಿನ ಜರಡಿ, ರಿಲೀಫ್ ವಾಲ್ವಿನ ಸ್ಪ್ರಿಂಗ್, ಪಂಪು, ಕೊನೆಗೆ ಬೇರಿಂಗುಗಳನ್ನು ನೋಡಬೇಕು.

ಬಿಸಿಯಾದ ಹಳೆಯ ಎಂಜಿನ್ ನಿಧಾನಗತಿಯಲ್ಲಿ ತುಸು ಕಡಿಮೆ ಒತ್ತಡ ತೋರುವುದು ಸಹಜ. ವೇಗ ಹೆಚ್ಚಿಸಿದರೂ ಒತ್ತಡ ಏರದಿದ್ದರೆ ಓಡಿಸಬಾರದು. ಮಂದ ಎಣ್ಣೆ ಸವೆದ ಬೇರಿಂಗನ್ನು ಸರಿಮಾಡದು. ಗೇಜಿನ ಮುಳ್ಳನ್ನು ಮಾತ್ರ ಮೇಲೆತ್ತಿ ದೋಷವನ್ನು ಮರೆಮಾಡುತ್ತದೆ. ಕೈಪಿಡಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸಬೇಕು.

ತೆಗೆದ ಎಣ್ಣೆಯನ್ನು ತೋಟದ ಬಸಿಗಾಲುವೆಗೆ ಚೆಲ್ಲಬಾರದು; ಅದು ಹಳ್ಳದ ಮೂಲಕ ಕುಡಿಯುವ ನೀರನ್ನು ಸೇರುತ್ತದೆ. ಡಬ್ಬದಲ್ಲಿ ಶೇಖರಿಸಿ ಗ್ಯಾರೇಜಿನ ಮೂಲಕ ಮರುಸಂಸ್ಕರಣೆಗೆ ಕೊಡುವುದು ಲೇಸು. ಮುಂಗಾರಿಗೆ ಮುನ್ನ, ಮೇ ತಿಂಗಳಿನಲ್ಲೇ ಈ ಪರೀಕ್ಷೆಗಳನ್ನು ಮುಗಿಸಿದರೆ ಮಳೆಯ ನಡುವೆ ವಾಹನ ಕೈಕೊಡುವ ಸಂಭವ ಕಡಿಮೆಯಾಗುತ್ತದೆ.