ಡ್ರೆಸ್ 1,650, ಮನೆಗೆ ಬಂದಾಗ 3,350

ನರಸಾಪುರದಿಂದ ಸಂಜೆ ಕಂಪನಿ ಬಸ್ಸುಗಳು ನಾಲ್ಕೂ ದಿಕ್ಕಿಗೆ ಹೊರಡುತ್ತವೆ. ನಮ್ಮ ಟೀಮಿನ ನಾಲ್ಕು ಹುಡುಗಿಯರದ್ದೂ ನಾಲ್ಕು ಊರು. ನಾನು ಕೋಲಾರ, ಉಳಿದವರು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಊಟದ ಹೊತ್ತಲ್ಲಿ ಮಾತ್ರ ಒಂದೇ ಫೋನ್ ಮೇಲೆ ನಾಲ್ಕು ತಲೆ. ಹಾಗೆ ನೋಡ್ತಾ ಸಿಕ್ಕಿದ್ದು ಆ ಇನ್‌ಸ್ಟಾಗ್ರಾಂ ಪೇಜ್: ‘ಚೀನಾದಿಂದ ನೇರ, ಪ್ರೀ-ಆರ್ಡರ್ ಓಪನ್.’

ಇಂಥ ಪೇಜುಗಳು ಸುಮ್ಮನೆ ಹುಟ್ಟಿದ್ದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋಗಿದ್ದು ಎಲ್ಲರಿಗೂ ನೆನಪಿದೆ. ಶೀಇನ್, ಕ್ಲಬ್ ಫ್ಯಾಕ್ಟರಿ ಕೂಡ ಅದೇ ಪಟ್ಟಿಯಲ್ಲಿದ್ದವು. ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಸರದಿ. ಆ್ಯಪ್ ಹೋಯ್ತು, ಆಸೆ ಹೋಗಲಿಲ್ಲ. 2025ರ ಫೆಬ್ರವರಿಯಲ್ಲಿ ಶೀಇನ್ ರಿಲಯನ್ಸ್ ಮೂಲಕ ವಾಪಸ್ ಬಂತು, ಆದರೆ ಅದರಲ್ಲಿರೋದು ಇಲ್ಲೇ ತಯಾರಾದ ಬಟ್ಟೆ. ಅಲ್ಲಿಯದ್ದೇ ಬೇಕು ಅನ್ನೋರಿಗೆ ಈಗಲೂ ಏಜೆಂಟೇ ಗತಿ.

ನಾವು ಸ್ಕ್ರೀನ್‌ಶಾಟ್ ಕಳಿಸಬೇಕು. ಏಜೆಂಟ್ ಅಲ್ಲಿನ ಮಾರಾಟಗಾರರಿಂದ ಕೊಂಡು, ಅಲ್ಲಿಯದೇ ಒಂದು ಗೋಡೌನ್‌ನಲ್ಲಿ ಎಲ್ಲವನ್ನೂ ಒಟ್ಟುಮಾಡಿ, ಒಂದೇ ಡಬ್ಬಿಯಲ್ಲಿ ಇಲ್ಲಿಗೆ ಹಾಕಿಸ್ತಾರೆ. ನಾವು ಯಾರು ಅಂತ ಬಟ್ಟೆ ಮಾರಿದವನಿಗೆ ಗೊತ್ತೇ ಇರಲ್ಲ.

ನಾಲ್ವರದ್ದೂ ಸೇರಿ 7,400 ರೂಪಾಯಿ. ಅದರಲ್ಲಿ ಶ್ರೀನಿವಾಸಪುರದವಳ ಡ್ರೆಸ್ 1,650, ಅಕ್ಕನ ನಿಶ್ಚಿತಾರ್ಥಕ್ಕೆ. ದುಡ್ಡು ವಸೂಲಿ ಮಾಡಿದ್ದು ನಾನು, ಯುಪಿಐ ಮಾಡಿದ್ದು ನಾನು, ವಿಳಾಸ ಕೊಟ್ಟಿದ್ದೂ ನಾನೇ. ಅಂದರೆ ಗೊತ್ತಿಲ್ಲದೇ ನಾನೂ ಒಬ್ಬ ಸಣ್ಣ ಏಜೆಂಟ್ ಆಗಿದ್ದೆ.

ಮೊದಲ ಪೆಟ್ಟು ತೂಕದ್ದು. ಸಾಮಾನು ಎರಡೂವರೆ ಕೆಜಿ, ಬಿಲ್ ಐದು ಕೆಜಿಗೆ! ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸ್ತಾರೆ. ನಿಜವಾದ ತೂಕಕ್ಕಿಂತ ಅದು ಜಾಸ್ತಿ ಬಂದರೆ ಅದೇ ಲೆಕ್ಕ. ನಮ್ಮದು 40, 30, 20ರ ಡಬ್ಬಿ. 4.8 ಅಂದರೆ ಐದು. ಕೆಜಿಗೆ 750ರಂತೆ 3,750. ಜಾಗ ತಿಂದಿದ್ದು ಮಾಲೂರಿನವಳ ಶೂ ಡಬ್ಬಿ. ಗೋಡೌನ್‌ನಲ್ಲೇ ಆ ಡಬ್ಬಿ ಬಿಸಾಡಿ ಅಂತ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು.

ಎರಡನೆಯದು ಕಸ್ಟಮ್ಸ್. ‘ಗಿಫ್ಟ್ ಅಂತ ಬರೆಸ್ತೀವಿ ಮೇಡಂ, ಏನೂ ಬರಲ್ಲ’ ಅಂದಿದ್ದರು. 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ, ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಉಳಿಸಿದ್ದಾರೆ ಅನ್ನೋದು ನನಗೆ ಪಾರ್ಸೆಲ್ ನಿಂತ ಮೇಲೆ ತಿಳೀತು. ಕೊರಿಯರ್‌ನವರು ಕೆವೈಸಿ ಕೇಳಿದ್ದು ನನ್ನದೇ. ಸುಳ್ಳು ಬರೆಸಿದ್ದು ಅವರು, ಹೆಸರು ನನ್ನದು. ಆ ರಾತ್ರಿ ನಿದ್ದೆ ಬರಲಿಲ್ಲ. ಸುಂಕ, ಜಿಎಸ್‌ಟಿ, ಕೊರಿಯರ್ ಶುಲ್ಕ ಎಲ್ಲ ಸೇರಿ 3,900 ಕಟ್ಟಿದೆ.

ಏಜೆಂಟ್ ಉತ್ತರ: ‘ಹೈಲೈಟ್ಸ್‌ನಲ್ಲಿ ಕಂಡೀಷನ್ಸ್ ಇದೆ, ನೋಡಿ.’ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳೋಣ ಅಂದರೆ ಕೈಯಲ್ಲಿ ಬಿಲ್ಲಿಲ್ಲ, ಅಂಗಡಿಯ ವಿಳಾಸವಿಲ್ಲ, ಯಾರದೋ ಸ್ವಂತ ಹೆಸರಿನ ಯುಪಿಐ ರಸೀದಿ ಒಂದೇ.

ಈಗ ಯಾರಾದರೂ ಕೇಳಿದರೆ ಬೇಡ ಅನ್ನಲ್ಲ. ಆರ್ಡರ್ ಹಾಕೋ ಮೊದಲು ಮೂರು ಪ್ರಶ್ನೆ ಕೇಳಿಸ್ತೀನಿ: ಬಿಲ್ ಯಾರ ಹೆಸರಲ್ಲಿ ಕೊಡ್ತೀರಾ, ಸುಂಕ ಯಾರದ್ದು, ತೂಕ ಯಾವ ಲೆಕ್ಕ? ಗೋಡೌನ್‌ನಲ್ಲಿ ಟೇಪ್ ಇಟ್ಟು ತೆಗೆದ ಫೋಟೋ ಕೇಳಿ. ನಮ್ಮ ಎಂ ಸೈಜ್ ಅಲ್ಲಿ ಸಾಮಾನ್ಯವಾಗಿ ಬಿಗಿ. ವಾಪಸ್ ಕೊಡೋದಿದ್ದರೆ ಸಾಮಾನು ಗೋಡೌನ್‌ನಲ್ಲಿ ಇರೋವಾಗಲೇ ಕೊಡಬೇಕು. ವಿಮಾನ ಹತ್ತಿದ ಮೇಲೆ ಅದು ನಮ್ಮದೇ.

ಡ್ರೆಸ್ ಬಂದಿದ್ದು ನಿಶ್ಚಿತಾರ್ಥ ಮುಗಿದು ಹನ್ನೆರಡು ದಿನಕ್ಕೆ. ಎಲ್ಲ ಹಂಚಿದಾಗ ಅದರ ಬೆಲೆ 3,350. ಅವಳು ಕಾಂಟ್ರಾಕ್ಟ್ ಮೇಲೆ ಇರೋಳು. ಮೇಲಿನ 1,700 ಕೇಳೋಕೆ ನನಗೆ ಬಾಯಿ ಬರಲಿಲ್ಲ, ನಾನೇ ಹಾಕಿಕೊಂಡೆ. ಅವಳಿಗೆ ಅದು ಹೇಗೋ ಗೊತ್ತಾಯ್ತು. ಎರಡು ದಿನ ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಅವರ ತೋಟದ ಬಾದಾಮಿ ಮಾವಿನಹಣ್ಣಿನ ಚೀಲ ಎಳ್ಕೊಂಡು ಬಂದು ನನ್ನ ಕಾಲಹತ್ರ ಇಟ್ಟಳು. ‘ತೂಕ ಮಾಡ್ಕೋ, ಡಬ್ಬಿ ಲೆಕ್ಕ ಅಲ್ಲ’ ಅಂದಳು.