ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಟ್ರಾಕ್ಟರು

ಫೆಬ್ರವರಿ-ಮಾರ್ಚ್ ಬಂತೆಂದರೆ ರೋಬಸ್ಟಾ ತೋಟಕ್ಕೆ ಹೂವಿನ ನೀರು ಕೊಡುವ ಆತುರ. ಅಡಿಕೆಗೂ ನೀರು ತಪ್ಪಿಸುವಂತಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರು ಟ್ರಾಕ್ಟರಿಗೇ ಪಂಪು ಜೋಡಿಸಿ ಸ್ಪ್ರಿಂಕ್ಲರ್ ನಡೆಸುತ್ತಾರೆ. ಈ ನೀರು ಸಾಲದೆ ಹೋದರೆ ಮೊಗ್ಗು ಪೂರ್ತಿ ಅರಳದೆ ಗುಲಾಬಿ ಬಣ್ಣಕ್ಕೆ ತಿರುಗಿ, ವರ್ಷದ ಫಸಲಿಗೇ ಪೆಟ್ಟು ಬೀಳುತ್ತದೆ. ಟ್ರಾಕ್ಟರು ಹಠ ಹಿಡಿಯುವುದೂ ಇಂಥ ದಿನಗಳಲ್ಲೇ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಗ ಗಾಬರಿಯಿಂದ ಡೀಸೆಲ್ ಪಂಪನ್ನೇ ಬಿಚ್ಚಿಸಿ, ಒಂದು ವಾಷರಿನ ದೋಷಕ್ಕೆ ಸಾವಿರಾರು ರೂಪಾಯಿ ತೆತ್ತವರನ್ನು ನಾವು ಕಂಡಿದ್ದೇವೆ. ಬಿಚ್ಚುವ ಮೊದಲು ನೋಡಬೇಕಾದ ಕ್ರಮವೊಂದಿದೆ. ಅದನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಹೊತ್ತಿಕೊಳ್ಳುವ ಬಗೆ

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 18ರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದರ ಶಾಖ 500 ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ಆ ಶಾಖಕ್ಕೆ ನಾಜಲ್ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತುತ್ತದೆ. ಆದ್ದರಿಂದ ಬೇಕಾದುದು ಮೂರೇ: ಡೀಸೆಲ್, ಗಾಳಿ ಮತ್ತು ಶಾಖ. ಯಾವುದು ಕಡಿಮೆಯಾಗಿದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೊಗೆಯೇ ಸಾಕ್ಷಿ

ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹೊತ್ತುತ್ತಿಲ್ಲ.

ಹೊಗೆ ಇಲ್ಲದಿದ್ದರೆ

ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಕಾಕ್ ತೆರೆದಿದೆಯೇ ನೋಡಿ. ಬಳಿಕ ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲನ್ನು ಗಮನಿಸಿ. ಮಳೆಗಾಲವಿಡೀ ನಿಂತ ಟ್ರಾಕ್ಟರಿನಲ್ಲಿ ಅದು ತುಕ್ಕು ಹಿಡಿದು ಹಿಂದಕ್ಕೆ ಬರುವುದಿಲ್ಲ. ಡೀಸೆಲ್ ಪಂಪಿನ ಪಕ್ಕದ ಲಿವರ್ ಪೂರ್ತಿ ಮರಳಿದೆಯೇ ಎಂದು ಕೈಯಿಂದಲೇ ನೋಡಬೇಕು. ಕೇಬಲಿನ ಬದಲು ವಿದ್ಯುತ್ ಸೊಲೆನಾಯ್ಡ್ ಇರುವ ಟ್ರಾಕ್ಟರಿನಲ್ಲಿ ಕೀ ತಿರುಗಿಸಿದಾಗ ಟಿಕ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್ ಮತ್ತು ವಯರ್ ನೋಡಿ.

ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನು ಕುಂಬಾರಹುಳ ಮಣ್ಣಿನಿಂದ ಮುಚ್ಚಿರುವುದೂ ಉಂಟು. ಫಿಲ್ಟರಿನ ಕೆಳಗಿನ ಬಟ್ಟಲಿನಲ್ಲಿ ನೀರು ನಿಂತಿದ್ದರೆ ಬಸಿಯಿರಿ.

ಇಷ್ಟಾದರೂ ಹಿಡಿಯದಿದ್ದರೆ ಪೈಪಿನಲ್ಲಿ ಏರ್ ಸೇರಿದೆಯೆಂದು ತಿಳಿಯಬೇಕು. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿಯಿರಿ. ಡೀಸೆಲ್ ಪಂಪಿನ ಸ್ಕ್ರೂವಿಗೂ ಇದನ್ನೇ ಮಾಡಿ. ಕೊನೆಗೆ ನಾಜಲ್ ಪೈಪುಗಳ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದೊಡನೆ ಬಿಗಿಯಬೇಕು. ಅಲ್ಲಿಗೆ ಕೈ ಒಡ್ಡಬಾರದು. ಸುಮಾರು 200 ಕಿಲೋ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹಾಗಾದರೆ ಗಾಯ ಸಣ್ಣದೆಂದು ಉದಾಸೀನ ಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಈಚಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಇದಕ್ಕಿಂತ ಅನೇಕ ಪಟ್ಟು ಹೆಚ್ಚು. ಅವುಗಳ ನಾಜಲ್ ಪೈಪನ್ನು ನಾವು ಮುಟ್ಟಲೇಕೂಡದು.

ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಂತರೆ, ಟ್ಯಾಂಕಿನಿಂದ ಕೈಪಂಪಿನವರೆಗೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಇಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ. ಆದ್ದರಿಂದಲೇ ಈ ದೋಷ ಕಣ್ಣಿಗೆ ಬೀಳುವುದು ಕಷ್ಟ. ಬಿರುಕುಬಿಟ್ಟ ರಬ್ಬರ್ ಪೈಪು ಅಥವಾ ಸವೆದ ತಾಮ್ರದ ವಾಷರು ಸಾಮಾನ್ಯ ಕಾರಣ.

ಬಿಳಿ ಹೊಗೆ ಬಂದರೆ

ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಶಾಖ ಸಾಲದು. ಬ್ಯಾಟರಿಯ ಟರ್ಮಿನಲ್ ಉಜ್ಜಿ ಬಿಗಿಯಿರಿ. ಏರ್ ಕ್ಲೀನರ್ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟಿರುವುದು ಅಪರೂಪವಲ್ಲ. ಹೀಟರ್ ಇದ್ದರೆ ಅದು ಕಾಯುತ್ತಿದೆಯೇ, ಡೀಸೆಲ್‌ನಲ್ಲಿ ನೀರು ಬೆರೆತಿದೆಯೇ ಪರೀಕ್ಷಿಸಿ. ಇವೆಲ್ಲ ಸರಿಯಿದ್ದರೆ ನಾಜಲ್, ಟೈಮಿಂಗ್ ಅಥವಾ ಕಂಪ್ರೆಷನ್ ದೋಷವಿರಬೇಕು. ಅದು ಮೆಕ್ಯಾನಿಕ್ಕಿನ ಕೆಲಸ.

ಮಾಡಬಾರದ್ದು

ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡಿ. ಹೀಟರ್ ಇರುವ ಎಂಜಿನ್ನಿಗೆ ಈಥರ್ ಸಿಂಪಡಿಸಬೇಡಿ, ಸ್ಫೋಟವಾದೀತು. ನಮ್ಮ ಇಳಿಜಾರುಗಳಲ್ಲಿ ಗೇರಿಗೆ ಹಾಕಿ ಉರುಳಿಬಿಡುವ ರೂಢಿ ಅತ್ಯಂತ ಅಪಾಯಕರ. ಎಂಜಿನ್ ಓಡದಿದ್ದರೆ ಪವರ್ ಸ್ಟಿಯರಿಂಗ್ ಬಲು ಗಟ್ಟಿಯಾಗುತ್ತದೆ.

ಮುಂಜಾಗ್ರತೆ

ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಡಿ. ಖಾಲಿ ಜಾಗದ ತೇವಾಂಶವೇ ನೀರಾಗಿ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಓಡಿಸಿ, ಸ್ಟಾಪ್ ಕೇಬಲಿಗೆ ಎಣ್ಣೆ ಬಿಡಿ. ಫಿಲ್ಟರ್ ಒಂದು ಜೊತೆ, ತಾಮ್ರದ ವಾಷರುಗಳು, ಸ್ಪ್ಯಾನರ್ ಇವು ಶೆಡ್ಡಿನಲ್ಲಿ ಸದಾ ಇರಲಿ. ಈ ಪುಟವನ್ನು ಅಲ್ಲೇ ಗೋಡೆಗೆ ಅಂಟಿಸಿ, ಡ್ರೈವರನಿಗೂ ಒಮ್ಮೆ ಓದಿ ಹೇಳಿದರೆ ಹೂವಿನ ನೀರಿನ ಹೊತ್ತಿಗೆ ಉಪಕಾರವಾದೀತು.