ಗೊರೂರಿನ ಕ್ಯಾಪ್ಟನ್ ಗೋಪಿನಾಥ್: ಮುಳುಗಡೆಯ ಜಮೀನಿನಿಂದ ವಿಮಾನದವರೆಗೆ



ಕಳೆದ ತಿಂಗಳು ಶಹಾಪುರ ಕಡೆಯ ಸದಸ್ಯರೊಬ್ಬರ ಮಗ, ಪದವೀಧರ, ಸಂಘದ ಕಚೇರಿಗೆ ಬಂದಿದ್ದ. "ಹೊಲಾ ಒತ್ತಿ ಇಟ್ಟು ಒಂದು ಧಂದೆ ಮಾಡ್ತೀನ್ರಿ. ಗೋಪಿನಾಥರು ಮಾಡ್ಲಿಲ್ಲೇನ್ರಿ?" ಎಂದು ಕೇಳಿದ. ಅಂದು ಅವನಿಗೆ ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಜಿ. ಆರ್. ಗೋಪಿನಾಥ್ 1951ರಲ್ಲಿ ಜನಿಸಿದವರು; ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ತಂದೆ ಶಾಲಾ ಶಿಕ್ಷಕರು. ಓದಿದ್ದು ನಮ್ಮ ನೆರೆಯ ವಿಜಾಪುರದ ಸೈನಿಕ ಶಾಲೆಯಲ್ಲಿ. ಸೈನ್ಯ ಸೇರಿ, 1971ರ ಯುದ್ಧ ಕಂಡು, ಮೂವತ್ತು ತುಂಬುವ ಮೊದಲೇ ಕ್ಯಾಪ್ಟನ್ ಹುದ್ದೆ ಬಿಟ್ಟು ಬಂದರು. ಪಿಂಚಣಿಯ ಆಸೆ ಬಿಟ್ಟು ಬಂದದ್ದೇ ಮೊದಲ ಸಾಹಸವೆನ್ನಬೇಕು.

ಅಷ್ಟರಲ್ಲಿ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನ ಹಿನ್ನೀರಿನ ಪಾಲಾಗಿತ್ತು. ಮುಳುಗಡೆ ಎಂದರೇನೆಂದು ನಾರಾಯಣಪುರ ಅಣೆಕಟ್ಟು ಕಂಡ ಸುರಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬಂಜರು ನೆಲ. ಅಲ್ಲಿಯೇ ಡೇರೆ ಹಾಕಿ ಕುಳಿತರು. ತೆಂಗು ನೆಟ್ಟರು, ರೇಷ್ಮೆ ಸಾಕಿದರು, ಹಲವು ಸಲ ಕೈಸುಟ್ಟುಕೊಂಡರು. ನಿಸರ್ಗಕ್ಕೆ ಒಪ್ಪುವ, ಕಡಿಮೆ ಖರ್ಚಿನ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಮೋಟಾರ್ ಸೈಕಲ್ ಏಜೆನ್ಸಿ, ಹೋಟೆಲು ಎಲ್ಲವೂ ಆದವು. 1997ರಲ್ಲಿ ಬಾಡಿಗೆ ಹೆಲಿಕಾಪ್ಟರ್, 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್. ಹುಬ್ಬಳ್ಳಿಯಂಥ ಊರುಗಳನ್ನು ವಿಮಾನದ ನಕಾಶೆಗೆ ತಂದವರು ಅವರು.

ಒಂದು ರೂಪಾಯಿ ಟಿಕೆಟ್ಟಿನ ಗುಟ್ಟನ್ನು ನಾವು ತಿಳಿಯಬೇಕು. ಚಾಲಿ ಅಡಿಕೆಯನ್ನು ಧಾರಣೆ ಬಿದ್ದಾಗ ಗೋದಾಮಿನಲ್ಲಿಟ್ಟು ಕಾಯಬಹುದು. ವಿಮಾನದ ಸೀಟು ಹಾಗಲ್ಲ. ಅದು ಕೊಯ್ದ ಕಾಫಿ ಹಣ್ಣಿನಂತೆ, ಅಂದೇ ಪಲ್ಪರಿಗೆ ಹೋಗದಿದ್ದರೆ ಕೆಟ್ಟಿತು. ವಿಮಾನ ನೆಲ ಬಿಟ್ಟ ಮೇಲೆ ಖಾಲಿ ಸೀಟಿಗೆ ಕಾಸಿನ ಬೆಲೆಯಿಲ್ಲ. ಆದ್ದರಿಂದ ಬಹಳ ಮುಂಚೆ ಕೊಂಡವರಿಗೆ ಕೆಲವೇ ಸೀಟು ಅಗ್ಗ. ದಿನ ಸಮೀಪಿಸಿದಂತೆ ಬೆಲೆ ಏರಿಕೆ. ಪುಕ್ಕಟೆ ಊಟವಿಲ್ಲ. ಇಳಿದ ವಿಮಾನ ಬೇಗ ಮತ್ತೆ ಹಾರಬೇಕು. ನಿಂತ ವಿಮಾನಕ್ಕೂ ಬಾಡಿಗೆ ತಪ್ಪದು.

ಲೆಕ್ಕ ಸರಿಯಿತ್ತು, ಕೈಯಲ್ಲಿ ಹಣ ಸಾಲಲಿಲ್ಲ. ಇಂಧನದ ಬೆಲೆ ಏರಿತು. ಹೊಸ ಕಂಪನಿಗಳು ಅದೇ ದಾರಿ ಹಿಡಿದು ದರ ಇಳಿಸಿದವು. ಪ್ರಯಾಣಿಕರು ಹೆಚ್ಚಿದರು, ನಷ್ಟವೂ ಹೆಚ್ಚಿತು. 2007ರಲ್ಲಿ ಶೇಕಡ 26ರ ಪಾಲು ವಿಜಯ್ ಮಲ್ಯರ ಸಮೂಹಕ್ಕೆ ಹೋಯಿತು. ಮರುವರ್ಷ ಕಂಪನಿ ಕಿಂಗ್‌ಫಿಷರಿನಲ್ಲಿ ವಿಲೀನವಾಯಿತು. ಆ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. ಗೋಪಿನಾಥರು 2009ರಲ್ಲಿ ಆರಂಭಿಸಿದ ಸರಕು ಸಾಗಣೆಯ ಡೆಕ್ಕನ್ 360 ಕೂಡ ಹೆಚ್ಚು ಕಾಲ ಬಾಳಲಿಲ್ಲ. ಸಿನಿಮಾದವರು ಈ ಭಾಗವನ್ನು ಅಷ್ಟಾಗಿ ತೋರಿಸುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಅವರು ಸೋತವರಲ್ಲ. ಆದರೆ ಅವರ ಸಾಹಸದಲ್ಲಿ ಪಾಲುದಾರರ ಬಂಡವಾಳವಿತ್ತು. ನಮ್ಮ ಹುಡುಗನದರಲ್ಲಿ ಇರುವುದು ತಂದೆಯ ನಾಲ್ಕೆಕರೆ ಮಾತ್ರ. ಅವನಿಗೆ ಎರಡೇ ಪ್ರಶ್ನೆ ಕೇಳಿದ್ದೇನೆ: ನಿನ್ನ ಮಾಲು ಕಾಯುವಂಥದ್ದೋ, ಕೆಡುವಂಥದ್ದೋ? ಒಂದು ಪೈಸೆ ವ್ಯಾಪಾರವಾಗದಿದ್ದರೆ ಎಷ್ಟು ತಿಂಗಳು ಬಡ್ಡಿ ಕಟ್ಟಬಲ್ಲೆ? ಸೋಮವಾರ ಕಾಗದದ ಮೇಲೆ ಬರೆದು ತರುತ್ತೇನೆಂದಿದ್ದಾನೆ.

— ಕಾರ್ಯದರ್ಶಿ